ಅತ್ತೆಯ ಬೊಜ್ಜು, ತಳದ ಗಸಿ

ಇವತ್ತು ಬೆಳಿಗ್ಗೆ ತಿರ್ಲಾಪುರಕ್ಕೆ ಬಂದಿಳಿದಾಗ ನನ್ನ ಸೋದರತ್ತೆ ದ್ಯಾಮವ್ವ ಬೆಣ್ಣೆ ಕಾಯಿಸುತ್ತಿದ್ದಳು. ಆ ವಾಸನೆಗೆ ಮಿಕ್ಕವರಿಗೆ ಹೋಳಿಗೆ ನೆನಪಾಗುತ್ತದೆ. ನನಗೆ ಮಾತ್ರ ನಾಲ್ಕು ವರ್ಷದ ಹಿಂದೆ ಪ್ರಯೋಗಾಲಯದಲ್ಲಿ ಮಾಡಿದ ಘನಕಾರ್ಯ ನೆನಪಾಗಿ ಕಿವಿ ಬಿಸಿಯಾಗುತ್ತದೆ.

ಆಗ ನಾನು ಧಾರವಾಡದಲ್ಲಿ ಕೊಬ್ಬಿನಿಂದ ಕಾಂಡಕೋಶ ಬೇರ್ಪಡಿಸುವುದನ್ನು ಕಲಿಯುತ್ತಿದ್ದೆ. ಮುಂದೆ ಎಲುಬಾಗಲೂ ಬಲ್ಲ, ಕೊಬ್ಬಾಗಲೂ ಬಲ್ಲ, ಸದ್ಯಕ್ಕೆ ಏನೂ ಆಗಿರದ ಕೋಶಗಳು ಅವು. ಅದೇ ಹೊತ್ತಿಗೆ ಅತ್ತೆಗೆ ಹೊಟ್ಟೆಯ ಆಪರೇಷನ್ ಆಗಬೇಕಾಯಿತು. ತೆಗೆದ ಕೊಬ್ಬನ್ನು ಸಂಶೋಧನೆಗೆ ಕೊಡುತ್ತೀರಾ ಎಂದು ಡಾಕ್ಟರು ಕೇಳಿದ್ದೇ ತಡ, ಕಾಗದಕ್ಕೆ ಸಹಿ ಹಾಕಿ, “ತಗೋರಿ, ಆದ್ರ ನಮ್ಮ ಹುಡುಗಿ ಕೈಗೇ ಕೊಡ್ರಿ” ಎಂದಳಂತೆ. ಆಮೇಲೆ ನನಗೆ ಫೋನು ಮಾಡಿ, “ಕಾಂಡ ಅಂದ್ರ ಜ್ವಾಳದ ದಂಟಲ್ಲೇನು? ನನ್ನ ಹೊಟ್ಯಾಗ ದಂಟು ಹೆಂಗ ಬಂತ ಬೇ?” ಎಂದು ನಕ್ಕಳು. ನಕ್ಕು ಸುಮ್ಮನಾಗಿದ್ದರೆ ಚೆನ್ನಿತ್ತು. ತನ್ನ ಬೊಜ್ಜಿನಿಂದ ಸೊಸೆ ಔಷಧ ಕಂಡುಹಿಡಿಯುತ್ತಾಳೆಂದು ಓಣಿಗೆಲ್ಲ ಸಾರಿಬಿಟ್ಟಳು. ಆ ಬೊಜ್ಜು ಹಾಳಾದರೆ ನಾನು ಯಾವ ಮುಖ ಹೊತ್ತು ಊರಿಗೆ ಬರಲಿ?

ಕೊಬ್ಬನ್ನು ತೊಳೆದು, ಸಣ್ಣಗೆ ಹೆಚ್ಚಿ, ಕಿಣ್ವ ಹಾಕಿ ಮೈಬಿಸಿಯಲ್ಲಿ ಅಲುಗಿಸುತ್ತಾ ಇಡಬೇಕು. ಅದರ ಹೆಣಿಗೆ ಬಿಚ್ಚಿದ ಮೇಲೆ ನಳಿಕೆಗೆ ತುಂಬಿ ಯಂತ್ರದಲ್ಲಿ ಗಿರಗಿರನೆ ತಿರುಗಿಸಬೇಕು. ಹಾಗೆಯೇ ಮಾಡಿ ಎರಡು ನಳಿಕೆ ಹೊರಗೆ ತೆಗೆದೆ. ಮೇಲೆ ಬಂಗಾರದ ಬಣ್ಣದ ಕೊಬ್ಬು ತೇಲುತ್ತಿತ್ತು, ನಡುವೆ ನೀರು, ತಳದಲ್ಲಿ ಸಾಸಿವೆಯಷ್ಟು ಕೆಂಪು ಗಸಿ. ಮಜ್ಜಿಗೆ ಕಡೆಯುವ ಮನೆಯಲ್ಲಿ ಬೆಳೆದವಳು ನಾನು. ನೀವೇ ಹೇಳಿ, ನೀವಾದರೂ ಯಾವುದನ್ನು ಎತ್ತಿಟ್ಟುಕೊಳ್ಳುತ್ತಿದ್ದಿರಿ? ಮೊದಲ ನಳಿಕೆಯಲ್ಲಿ ಬೆಣ್ಣೆ ತೆಗೆದಂತೆ ಮೇಲಿನದನ್ನು ಜೋಪಾನವಾಗಿ ತೆಗೆದಿಟ್ಟು, ತಳದ್ದನ್ನು ಚೆಲ್ಲಿದೆ. ಪುಸ್ತಕದಲ್ಲಿ ಓದಿದ್ದು ಕೈಗೆ ಇನ್ನೂ ತಲುಪಿರಲಿಲ್ಲ.

ಎರಡನೆಯ ನಳಿಕೆ ಎತ್ತಿದಾಗ ಆ ಗಸಿ ನೋಡಿ ಅತ್ತೆಯ ಅಡುಗೆಮನೆ ನೆನಪಾಯಿತು. ತುಪ್ಪ ಸೋಸಿದ ಮೇಲೆ ಪಾತ್ರೆಯ ತಳಕ್ಕೆ ಬೆಲ್ಲ ಹಾಕಿ ಕೆರೆದು, “ತುಪ್ಪಾ ಬೀಗರಿಗೆ, ಗಸಿ ನಮಗ” ಎನ್ನುತ್ತಾ ನನ್ನ ಕೈಗಿಡುತ್ತಿದ್ದಳು. ಅಯ್ಯೋ, ಕೋಶಗಳೂ ತಳದಲ್ಲೇ ಅಲ್ಲವೇ ಇರುವುದು! ಉಳಿದ ಸಾಸಿವೆಯಷ್ಟನ್ನು ಪೋಷಕ ದ್ರವಕ್ಕೆ ಹಾಕಿ, ಎರಡು ದಿನ ಊಟ ಸೇರದೆ ಕಾದೆ. ಮೂರನೆಯ ದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೂಲುವ ಕದಿರಿನಂತಹ ಕೋಶಗಳು ಅಂಟಿಕೊಂಡು ಕಾಲು ಚಾಚಿದ್ದವು. ಖುಷಿಗೆ ಅತ್ತೆಗೊಂದು ಚಿತ್ರ ಕಳಿಸಿದೆ. ಅರ್ಧ ಚೆಲ್ಲಿದ್ದನ್ನು ಮಾತ್ರ ಹೇಳಲಿಲ್ಲ.

ಅವಳು ಆ ಚಿತ್ರಕ್ಕೆ ಕಟ್ಟು ಹಾಕಿಸಿ ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದಾಳೆ. ಬಂದವರಿಗೆಲ್ಲ “ಇದು ನಾನ ನೋಡ್ರಿ” ಎನ್ನುತ್ತಾಳೆ. ಅಂದಿನಿಂದ ಅದಕ್ಕೆ ಬೆನ್ನು ಹಾಕಿ ಕೂರುವುದು ನನ್ನ ರೂಢಿ.

ಇವತ್ತು ಅವಳು ತುಪ್ಪ ಸೋಸುವಾಗ ತಡೆಯಲಾಗಲಿಲ್ಲ. “ಅತ್ತಿ, ನಿನ್ನ ಬೊಜ್ಜಿನ್ಯಾಗ ಅರ್ಧಾ ನಾ ಚೆಲ್ಲಿಬಿಟ್ಟಿದ್ದೆ. ಬೆಣ್ಣಿ ಅಂತ ತಿಳದು ಮ್ಯಾಲಿಂದು ಇಟ್ಕೊಂಡಿದ್ದೆ.”

ಅತ್ತೆ ಸೌಟನ್ನು ಪಾತ್ರೆಯ ಮೇಲೆ ಅಡ್ಡವಿಟ್ಟು ನನ್ನ ಕಡೆ ತಿರುಗಿದಳು.

“ನಾಕ ವರ್ಷ ಇದನ್ನ ಹೊಟ್ಯಾಗ ಇಟ್ಕೊಂಡಿದ್ದೇನ, ಹುಚ್ಚಿ?” ಎಂದು ತನ್ನ ಹೊಟ್ಟೆ ತಟ್ಟಿಕೊಂಡಳು. “ನೀ ಚೆಲ್ಲಿದ್ದಕ್ಕಿಂತ ಹೆಚ್ಚ ತಿರುಗಿ ಬಂದೈತಿ. ಬೇಕಾದ್ರ ಒಯ್ಯಿ.”

ಆಮೇಲೆ ಬೆಲ್ಲ ಹಾಕಿ ಕೆರೆದ ಗಸಿಯನ್ನು ನನ್ನ ಅಂಗೈಗಿಟ್ಟಳು. ಚಿತ್ರಕ್ಕೆ ಮುಖ ಮಾಡಿ ಕೂತು ತಿಂದೆ.