ಎಂ. ಶಾಂತವ್ವ, ನಲವತ್ತು, ಗುಡೂರು

ಹುನಗುಂದಕ್ಕೆ ಬಂದ ಮರುದಿನ ಬೆಳಿಗ್ಗೆ ದವಾಖಾನೆಯ ಬೆಂಚಿನ ಮೇಲೆ ಕುಳಿತಿದ್ದೆ. ನರ್ಸ್ ಒಬ್ಬರು ಬಾಗಿಲಿಗೆ ಬಂದು, ‘ಉಳ್ಳಾಗಡ್ಡಿ ಯಾರ್ರಿ, ಬರ್ರಿ’ ಎಂದು ಕರೆದರು. ಮುದುಕರೊಬ್ಬರು ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ‘ಬೆಲ್ಲದ’ ಎಂದರು. ಬಾಣಂತಿಯೊಬ್ಬಳು ಮಗುವನ್ನೆತ್ತಿಕೊಂಡು ಹೋದಳು. ಆಮೇಲೆ ‘ಮೆಣಸಿನಕಾಯಿ’. ನಾನು ಸುತ್ತ ನೋಡಿದೆ. ಯಾರೂ ನಗುತ್ತಿರಲಿಲ್ಲ. ನಮ್ಮ ಮೈಸೂರಿನ ಈರುಳ್ಳಿ ಇಲ್ಲಿ ಉಳ್ಳಾಗಡ್ಡಿ ಎಂಬುದು ಗೊತ್ತಿತ್ತು. ಮನೆತನದ ಹೆಸರಾಗಿ ಮನುಷ್ಯರನ್ನೂ ಹಾಗೆ ಕರೆಯುತ್ತಾರೆಂಬುದು ಗೊತ್ತಿರಲಿಲ್ಲ.

ಕಡೆಗೆ ಆ ನರ್ಸ್ ನನ್ನ ಕಡೆ ತಿರುಗಿ, ‘ನಿಮ್ಮ ಅಡ್ಡಹೆಸರೇನ್ರಿ?’ ಎಂದರು.

‘ಕೆ. ಎಸ್. ಮಾಲತಿ.’

‘ಕೆ ಎಸ್ ಅಂದ್ರ?’

‘ಕೆ ಅಂದರೆ ನಮ್ಮ ಹಿರಿಯರ ಊರು, ಎಸ್ ಅಂದರೆ ನಮ್ಮಪ್ಪ.’

‘ಊರಿಗೊಂದಕ್ಷರ, ಅಪ್ಪಗೊಂದಕ್ಷರ. ಅಷ್ಟಕ್ಕ ಮುಗೀತು?’ ಎಂದು ಅವರು ಕನಿಕರದಿಂದ ನನ್ನನ್ನು ನೋಡಿದರು.

ಅವರೇ ಗಂಗಕ್ಕ. ಆ ದವಾಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದವರು. ನಾನು ರೋಗಿಯಾಗಿ ಬಂದಿರಲಿಲ್ಲ. ಎರಡು ಸಾವಿರದ ಒಂದನೇ ಇಸವಿಯ ಕೊನೆಯ ದಿನಗಳು. ಬೆಂಗಳೂರಿನಲ್ಲಿ ನಾನು ಪ್ರೋಗ್ರಾಂ ಬರೆಯುತ್ತಿದ್ದ ಕಂಪನಿ ಮುಚ್ಚಿಹೋಗಿತ್ತು. ಪರಿಚಿತರೊಬ್ಬರ ಮೂಲಕ ಇಲ್ಲಿನ ಡಾಕ್ಟರರ ಮಾತು ಕಿವಿಗೆ ಬಿತ್ತು: ತಮ್ಮ ರೋಗಿಗಳ ಹಳೆಯ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸಬೇಕು, ಆರು ತಿಂಗಳ ಕೆಲಸ. ಮನೆಯಲ್ಲಿ ಕುಳಿತು ಅರ್ಜಿ ಹಾಕುತ್ತಿರುವುದಕ್ಕಿಂತ ಇದು ಮೇಲು ಎಂದು ಹೊರಟುಬಂದೆ.

ಇರಲು ಜಾಗ ಕೊಟ್ಟವರೂ ಗಂಗಕ್ಕನೇ. ಒಂಟಿ ಹೆಣ್ಣಿಗೆ ಬಾಡಿಗೆಗೆ ಮನೆ ಕೊಡಲು ಮೂರು ಕಡೆ ಹಿಂದೆಮುಂದೆ ನೋಡಿದ ಮೇಲೆ, ‘ನಮ್ಮ ಮಾಳಿಗಿ ಮ್ಯಾಲ ಒಂದ ಖೋಲಿ ಐತಿ, ಬಂದಿರು’ ಎಂದರು. ಖೋಲಿ ಎಂದರೆ ಕೋಣೆ. ಮೊದಲ ದಿನ ಊಟಕ್ಕೆ ಕೂರಿಸಿ, ‘ರೊಟ್ಟಿಗೆ ಹಿಂಡಿ ಹಾಕ್ಲೇನು?’ ಎಂದು ಕೇಳಿದಾಗ ನಾನು ಗಾಬರಿಯಾಗಿ ಬೇಡವೆಂದೆ. ನಮ್ಮ ಕಡೆ ಹಿಂಡಿ ಎಂದರೆ ದನಕ್ಕೆ ಹಾಕುವುದು. ಇಲ್ಲಿ ಅದು ಶೇಂಗಾದ ಚಟ್ನಿಪುಡಿ. ತಿಳಿದ ಮೇಲೆ ಗಂಗಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮರುದಿನ ದವಾಖಾನೆಗೆಲ್ಲ ಆ ಸುದ್ದಿ ಹಬ್ಬಿತ್ತು.

ಒಂದೇ ಕನ್ನಡವೆಂದು ಬಂದವಳಿಗೆ ಭಾಷೆಯೇ ಮೊದಲ ಪರೀಕ್ಷೆಯಾಯಿತು. ನಾನು ‘ಕುಳಿತುಕೊಳ್ಳಿ’ ಎಂದರೆ ಹಳ್ಳಿಯಿಂದ ಬಂದವರು ಅಧಿಕಾರಿಯೊಬ್ಬರ ಮುಂದೆ ನಿಂತಂತೆ ನಿಂತೇ ಇರುತ್ತಿದ್ದರು. ಗಂಗಕ್ಕ ‘ಕುಂಡ್ರಿ’ ಎಂದರೆ ಕೂರುತ್ತಿದ್ದರು. ಭಾನುವಾರ ಎಸ್‌ಟಿಡಿ ಬೂತಿನಿಂದ ಅಮ್ಮನೊಡನೆ ಮಾತಾಡುವಾಗ ಮಾತ್ರ ನನ್ನ ನಾಲಿಗೆ ಸಡಿಲವಾಗುತ್ತಿತ್ತು. ಫೋನಿಟ್ಟ ಮೇಲೆ ವಾರವಿಡೀ ಮತ್ತೆ ಪುಸ್ತಕದಂತೆ ಮಾತಾಡಬೇಕಲ್ಲ ಎಂದು ಬೂತಿನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಂತುಬಿಡುತ್ತಿದ್ದೆ.

ಕೆಲಸ ಮಾತ್ರ ಭರದಿಂದ ನಡೆಯಿತು. ತಗಡಿನ ಪೆಟ್ಟಿಗೆಗಳಲ್ಲಿದ್ದ ಕಾರ್ಡುಗಳನ್ನು ಒಂದೊಂದಾಗಿ ತೆಗೆದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡಿದೆ. ನಾನು ಬರೆದ ಪ್ರೋಗ್ರಾಮಿನಲ್ಲಿ ಹೆಸರಿಗೊಂದು ಚೌಕ, ಅದರ ಹಿಂದೆ ಇನಿಷಿಯಲ್ಲಿಗೆ ಒಂದು ಪುಟ್ಟ ಚೌಕ. ಅಡ್ಡಹೆಸರಿನ ಮೊದಲ ಅಕ್ಷರ ಅಲ್ಲಿಗೆ ಸಾಕು ಎಂದು ತೀರ್ಮಾನಿಸಿದವಳು ನಾನೇ. ಹುಟ್ಟಿದ ದಿನಾಂಕದ ಚೌಕ ಖಾಲಿ ಉಳಿಯುತ್ತಿತ್ತು. ವಯಸ್ಸು ಕೇಳಿದರೆ ಹೆಂಗಸರು, ‘ನಲವತ್ತ ಅಂತ ಬರಕೋರಿ’ ಎನ್ನುತ್ತಿದ್ದರು. ಮೂವತ್ತೈದರವಳೂ ನಲವತ್ತು, ಐವತ್ತರವಳೂ ನಲವತ್ತು.

ಗಂಗಕ್ಕನಿಗೆ ಕಂಪ್ಯೂಟರ್ ಹಿಡಿಸಲಿಲ್ಲ. ‘ಕಾರ್ಡ ಕೈಯಾಗ ಹಿಡದ್ರ ಮಂದಿ ನೆನಪಾಗ್ತಾರ. ಈ ಡಬ್ಬಿ ಮುಂದ ಕುಂತ್ರ ಯಾರ ಮಾರಿನೂ ನೆನಪಾಗೂದಿಲ್ಲ’ ಎಂದರು. ಮಾರಿ ಎಂದರೆ ಮುಖ. ನಾನು ಒಳಗೊಳಗೇ ನಕ್ಕೆ. ಒಬ್ಬರದೇ ಹೆಸರಿನಲ್ಲಿ ಎರಡು ಮೂರು ಕಾರ್ಡುಗಳಿರುವುದು ಕಂಡಿತ್ತು. ಹೆಸರು, ವಯಸ್ಸು, ಊರು ಮೂರೂ ಒಂದೇ ಆಗಿದ್ದರೆ ಇತ್ತೀಚಿನ ವಿವರವನ್ನಷ್ಟೇ ಉಳಿಸಿ ಅವನ್ನು ಒಂದು ಮಾಡುವಂತೆ ಪ್ರೋಗ್ರಾಂ ಬರೆದೆ. ಒಂದು ಗುಂಡಿ ಒತ್ತಿದೆ, ನೂರಾರು ದಾಖಲೆ ಕರಗಿದವು. ಡಾಕ್ಟರರು ಮೆಚ್ಚಿದರು. ತಗಡಿನ ಪೆಟ್ಟಿಗೆಗಳನ್ನು ಗುಜರಿಗೆ ಹಾಕೋಣವೆಂದು ನಾನೇ ಸೂಚಿಸಿದೆ. ಗಂಗಕ್ಕ ಅವನ್ನು ಹಿಂದಿನ ಸಾಮಾನಿನ ಖೋಲಿಗೆ ಸಾಗಿಸಿದರು.

ಬೇಸಿಗೆಯ ಒಂದು ಮಧ್ಯಾಹ್ನ ಗುಡೂರಿನಿಂದ ಶಾಂತವ್ವ ಎಂಬ ಹೆಂಗಸು ಕುಂಟುತ್ತ ಬಂದಳು. ಜಾಲಿಮುಳ್ಳು ನಟ್ಟು ಪಾದ ಕೀವು ಕಟ್ಟಿ ಊದಿತ್ತು. ನಾನು ಹೆಸರು ಹಾಕಿ ಹುಡುಕಿದೆ. ‘ಎಂ. ಶಾಂತವ್ವ, ನಲವತ್ತು, ಗುಡೂರು’ ಎಂಬ ದಾಖಲೆ ಬಂತು. ಚೀಟಿ ಅಚ್ಚಾಯಿತು: ಪೆನ್ಸಿಲಿನ್ ಹಿಂದೆ ಕೊಟ್ಟಿದೆ, ತೊಂದರೆಯಿಲ್ಲ. ಡಾಕ್ಟರರು ಅದನ್ನು ನೋಡಿ ಇಂಜೆಕ್ಷನ್ ಬರೆದರು. ಗಂಗಕ್ಕ ಔಷಧಿ ಎಳೆದುಕೊಂಡು, ತೋಳು ಒರೆಸುತ್ತ, ಎಂದಿನ ರೂಢಿಯಂತೆ ಕೇಳಿದರು:

‘ಯಾರ ಮನಿಯಾಕಿ ನೀ?’

‘ಮೂಲಿಮನಿಯವರ್ರಿ, ಅಕ್ಕಾರ.’

ಗಂಗಕ್ಕನ ಕೈ ನಿಂತಿತು. ‘ಮೆಣಸಿನಕಾಯಿಯವರಲ್ಲೇನು?’

‘ಅಕಿ ಬ್ಯಾರೆ ಶಾಂತವ್ವರಿ. ಊರ ಅಗಸಿ ಬಾಗಲ ಹತ್ರ ಇರ್ತಾಳ.’

ಗಂಗಕ್ಕ ಸಿರಿಂಜನ್ನು ಟ್ರೇಯಲ್ಲಿಟ್ಟು ಹಿಂದಿನ ಖೋಲಿಗೆ ಹೋದರು. ಪೆಟ್ಟಿಗೆ ತೆರೆಯುವ ಸದ್ದು ಕೇಳಿಸಿತು. ಬಂದಾಗ ಅವರ ಕೈಯಲ್ಲಿ ಮಾಸಿದ ಕಾರ್ಡೊಂದಿತ್ತು. ಅದರ ಮೇಲೆ ಕೆಂಪು ಶಾಯಿಯಲ್ಲಿ, ಅವರದೇ ಅಕ್ಷರದಲ್ಲಿ ಬರೆದಿತ್ತು: ಪೆನ್ಸಿಲಿನ್ ಕೊಡಬಾರದು, ಉಸಿರು ಕಟ್ಟಿತ್ತು. ಅವರು ಅದನ್ನು ಡಾಕ್ಟರರ ಮುಂದಿಟ್ಟರು. ನನ್ನತ್ತ ನೋಡಲಿಲ್ಲ. ನೋಡಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೂಲಿಮನಿ, ಮೆಣಸಿನಕಾಯಿ. ಇಂಗ್ಲಿಷಿನಲ್ಲಿ ಎರಡಕ್ಕೂ ಎಂ. ಇಬ್ಬರು ಹೆಂಗಸರನ್ನು ನಾನು ಒಬ್ಬಳನ್ನಾಗಿ ಮಾಡಿದ್ದೆ. ಒಬ್ಬಳ ಕೆಂಪು ಶಾಯಿ ಆ ಗುಂಡಿಯೊತ್ತಿನಲ್ಲಿ ಅಳಿಸಿಹೋಗಿತ್ತು. ಯಂತ್ರ ತಪ್ಪು ಮಾಡಿತು ಎಂದು ನಮ್ಮ ಕಸುಬಿನವರು ಸುಲಭವಾಗಿ ಹೇಳುತ್ತೇವೆ. ಯಂತ್ರ ನಾನು ಹೇಳಿದ್ದನ್ನಷ್ಟೇ ಮಾಡಿತ್ತು. ಮನುಷ್ಯರನ್ನು ಗುರುತಿಸಲು ನಮ್ಮೂರಿನಲ್ಲಿ ಸಾಕಾಗುವುದು ಎಲ್ಲೆಡೆಗೂ ಸಾಕು ಎಂದುಕೊಂಡಿದ್ದು ನಾನು.

ಶಾಂತವ್ವನಿಗೆ ಬೇರೆ ಔಷಧಿ ಕೊಟ್ಟು ಕಳಿಸಿದರು. ಸಂಜೆ ಡಾಕ್ಟರರು ಕರೆದು ಮೆಲ್ಲಗೆ ಹೇಳಿದರು: ‘ಇದನ್ನ ಬಂದ್ ಮಾಡೂಣ್ರಿ. ನಿಮ್ಮನ್ನ ಬೈಯಾಕತ್ತಿಲ್ಲ. ನನಗ ಧೈರ್ಯ ಸಾಲವಲ್ದು.’

ಚೀಲ ಕಟ್ಟಿಕೊಂಡು ಹೋಗಿಬಿಡುವುದು ಆಗ ಸುಲಭವಿತ್ತು. ಹೋದರೆ ಇಲ್ಲಿ ಉಳಿಯುವುದು ನನ್ನ ತಪ್ಪು ಮಾತ್ರ ಎನಿಸಿತು. ‘ಎರಡು ತಿಂಗಳು ಕೊಡಿ. ಸಂಬಳ ಬೇಡ. ಅಲ್ಲಿಯವರೆಗೆ ಗಂಗಕ್ಕನ ಕಾರ್ಡುಗಳೇ ನಡೆಯಲಿ. ಆಮೇಲೆ ಅವರು ಒಪ್ಪಿದರೆ ಮಾತ್ರ ಕಂಪ್ಯೂಟರ್ ಹಾಕೋಣ’ ಎಂದೆ. ಡಾಕ್ಟರರು ಗಂಗಕ್ಕನನ್ನು ನೋಡಿದರು. ಗಂಗಕ್ಕ, ‘ಮಾಡ್ಲಿ ಬಿಡ್ರಿ. ಅಕಿ ಕಲತಿದ್ದು ಮಾಡೂದು, ಓಡಿಹೋಗೂದಲ್ಲ’ ಎಂದರು.

ಮುಂದಿನ ಭಾನುವಾರ ಅವರೊಡನೆ ಬಸ್ಸಿನಲ್ಲಿ ಗುಡೂರಿಗೆ ಹೋದೆ. ಶಾಂತವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಕಾಳು ಆರಿಸುತ್ತಿದ್ದಳು. ಬಾವು ಇಳಿದಿತ್ತು. ನಡೆದದ್ದನ್ನು ಮುಚ್ಚಿಡದೆ ಹೇಳಿ, ತಪ್ಪಾಯಿತೆಂದೆ. ಆಕೆ ಮೊರವನ್ನು ಪಕ್ಕಕ್ಕಿಟ್ಟು ಕೇಳಿದಳು:

‘ನಮ್ಮ ಹೆಸರ ಪೂರಾ ಬರದ್ರ ನಿಮ್ಮ ಮಷಿನ್ನಿಗೆ ಭಾರ ಆಗ್ತೈತೇನ್ರಿ?’

‘ಇಲ್ಲ.’

‘ಹಂಗಾರ ಬರೀರಿ ಮತ್ತ. ಮೂಲಿಮನಿ. ತವರಮನಿ ಚೊಳಚಗುಡ್ಡ. ಅದನ್ನೂ ಬರಕೋರಿ. ಈ ಊರಾಗ ಶಾಂತವ್ವಗೋಳು ಭಾಳ ಅದೀವಿ. ಚೊಳಚಗುಡ್ಡದಾಕಿ ನಾ ಒಬ್ಬಾಕೀನ.’

ನಾನು ತಿಂಗಳುಗಟ್ಟಲೆ ಯೋಚಿಸಿದರೂ ಹೊಳೆಯದಿದ್ದ ಚೌಕ ಅದು. ಮದುವೆಯಾಗಿ ಬಂದ ಹೆಂಗಸನ್ನು ಇಲ್ಲಿನ ಜನ ತವರಿನಿಂದ ಗುರುತಿಸುತ್ತಾರೆ. ಹುಟ್ಟಿದ ದಿನಾಂಕ ಗೊತ್ತಿಲ್ಲದವಳಿಗೂ ತವರು ಗೊತ್ತಿರುತ್ತದೆ.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಂಪ್ಯೂಟರ್ ಅಂಗಡಿಯೊಂದರಿಂದ ಕನ್ನಡ ಫಾಂಟು ತಂದೆ. ಒತ್ತಕ್ಷರಗಳು ತೆರೆಯ ಮೇಲೆ ಒಂದರ ಮೇಲೊಂದು ಬೀಳುತ್ತಿದ್ದವು. ಅದನ್ನು ಸರಿಪಡಿಸಲು ಹನ್ನೆರಡು ದಿನ ಹಿಡಿಯಿತು. ಇನಿಷಿಯಲ್ ಚೌಕ ಕಿತ್ತುಹಾಕಿದೆ. ಪೂರ್ತಿ ಅಡ್ಡಹೆಸರು, ತವರೂರು, ಮನೆಯ ಗುರುತು ಬಂದವು. ಕೊಡಬಾರದ ಔಷಧಿ ಎಲ್ಲಕ್ಕಿಂತ ಮೇಲೆ, ಕೆಂಪಿನಲ್ಲಿ. ಎರಡು ದಾಖಲೆ ಒಂದೇ ತರಹ ಕಂಡರೆ ಯಂತ್ರ ತಾನಾಗಿ ಸೇರಿಸುವಂತಿಲ್ಲ, ಕೇಳಬೇಕು. ‘ಪರಿಶೀಲಿಸಿ ದೃಢೀಕರಿಸಿ’ ಎಂದು ಬರೆದಿದ್ದೆ. ಗಂಗಕ್ಕ ಅದನ್ನು ಎರಡು ಸಲ ಓದಿ, ‘ಇದು ಯಾರಿಗೆ ಹೇಳಾಕತ್ತೈತಿ?’ ಎಂದರು. ಅವರೇ ಹೇಳಿಕೊಟ್ಟಂತೆ ಬದಲಾಯಿಸಿದೆ: ‘ಇಬ್ಬರೂ ಒಬ್ಬಾಕೀನ ಏನು? ಕೇಳಿ ನೋಡ್ರಿ.’

ಕಾರ್ಡುಗಳನ್ನೆಲ್ಲ ಮತ್ತೆ ಮೊದಲಿನಿಂದ ಹಾಕಿದೆವು. ಈ ಸಲ ಗಂಗಕ್ಕ ಪಕ್ಕದಲ್ಲಿ ಕುಳಿತು ಓದುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ. ಒಂದೊಂದು ಕಾರ್ಡಿನ ಜೊತೆಗೂ ಒಂದೊಂದು ಕಥೆ ಬರುತ್ತಿತ್ತು. ಎರಡು ತಿಂಗಳು ನಾಲ್ಕಾಯಿತು. ಕೊನೆಯ ಹೊತ್ತಿಗೆ ಕೀಲಿಮಣೆ ಅವರ ಮುಂದಿತ್ತು, ಓದುವವಳು ನಾನಾಗಿದ್ದೆ. ಡಾಕ್ಟರರು ಬಂದು ಕೇಳಿದಾಗ ಗಂಗಕ್ಕ, ‘ಚಾಲೂ ಮಾಡ್ರಿ. ಆದ್ರ ಪೆಟ್ಟಿಗಿ ಒಗಿಬ್ಯಾಡ್ರಿ’ ಎಂದರು. ಪೆಟ್ಟಿಗೆಗಳನ್ನು ಒರೆಸಿ ಗೋಡೆಗೆ ಜೋಡಿಸಿದವಳು ನಾನು. ಅಂದಿನಿಂದ ನಾನು ಮಾಡುವ ಯಾವ ಕೆಲಸದಲ್ಲೂ ಹಳೆಯ ಕಾಗದ ಎಸೆಯಿರಿ ಎಂದು ಹೇಳಿಲ್ಲ.

ಆರು ತಿಂಗಳಿಗೆಂದು ಬಂದವಳಿಗೆ ಈಗ ಐದನೆಯ ವರ್ಷ. ಇಳಕಲ್ಲಿನ, ಬಾದಾಮಿಯ ಎರಡು ದವಾಖಾನೆಗಳೂ ಈ ಪ್ರೋಗ್ರಾಂ ಕೇಳಿ ಹಾಕಿಸಿಕೊಂಡವು. ಬೆಂಗಳೂರಿನ ಗೆಳತಿಯರು ‘ಅಲ್ಲಿ ಏನು ಕಲಿಯುತ್ತೀಯ?’ ಎಂದು ಪತ್ರ ಬರೆಯುತ್ತಾರೆ. ನಗರದಲ್ಲಿ ನಾನು ಬರೆದದ್ದನ್ನು ಬಳಸುವವರ ಮುಖ ಒಮ್ಮೆಯೂ ನೋಡಿರಲಿಲ್ಲ. ಇಲ್ಲಿ ತಪ್ಪು ಬರೆದರೆ ಆ ತಪ್ಪು ಕುಂಟುತ್ತ ಬಾಗಿಲಿಗೆ ಬರುತ್ತದೆ. ಅದಕ್ಕಿಂತ ದೊಡ್ಡ ಪಾಠಶಾಲೆ ನನಗೆ ಗೊತ್ತಿಲ್ಲ.

ಕಳೆದ ತಿಂಗಳು ಮೈಸೂರಿಗೆ ಹೋಗಿದ್ದೆ. ಅಮ್ಮನೊಡನೆ ಮಾರುಕಟ್ಟೆಯಿಂದ ಬರುವಾಗ ಬಸ್ ನಿಲ್ದಾಣದ ಬಳಿ ಗಂಡಹೆಂಡಿರಿಬ್ಬರು ದೊಡ್ಡಾಸ್ಪತ್ರೆಗೆ ದಾರಿ ಕೇಳುತ್ತಿದ್ದರು. ಅವರ ಮಾತು ಯಾರಿಗೂ ಸರಿಯಾಗಿ ತಿಳಿಯುತ್ತಿರಲಿಲ್ಲ. ನಾನು ಹತ್ತಿರ ಹೋಗಿ, ‘ಬರ್ರಿ, ನಾ ತೋರಸ್ತೇನಿ’ ಎಂದೆ. ಆ ಹೆಂಗಸಿನ ಮುಖ ಅರಳಿತು. ಗೇಟಿನ ತನಕ ಬಿಟ್ಟು ತಿರುಗುವಾಗ, ‘ನಿಮ್ಮದು ಯಾವೂರ್ರಿ, ಅಕ್ಕಾರ?’ ಎಂದಳು.

‘ಹುನಗುಂದರಿ’ ಎಂದೆ. ತಡವರಿಸಲೂ ಇಲ್ಲ.

ಅಮ್ಮ ಪಕ್ಕದಲ್ಲೇ ಇದ್ದಳು. ಮನೆಯ ತಿರುವಿನಲ್ಲಿ ತರಕಾರಿ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಆಮೇಲೆ, ‘ನೀನು ಹುಟ್ಟಿದ್ದು ಇಲ್ಲೇ ಕಣೆ. ಅದನ್ನೂ ಒಂದು ಮಾತು ಹೇಳ್ಬಹುದಿತ್ತು’ ಎಂದಳು. ಹೇಳಬಹುದಿತ್ತು. ಅವಳ ಕೈಯಿಂದ ತರಕಾರಿ ಚೀಲ ತೆಗೆದುಕೊಂಡೆ. ಹಾಗೆ ತೆಗೆದುಕೊಳ್ಳುವಾಗ ನಾನು ಮನೆಗೆ ಬಂದ ನೆಂಟಳಂತಿದ್ದೆನೋ ಮಗಳಂತಿದ್ದೆನೋ ನನಗೇ ತಿಳಿಯಲಿಲ್ಲ.

ಮರುದಿನ ಹೊರಡುವಾಗ ಅವಳು ದೊಡ್ಡ ಡಬ್ಬಿಯ ತುಂಬ ಸಾರಿನ ಪುಡಿ ತುಂಬಿ, ಮುಚ್ಚಳಕ್ಕೆ ಬಟ್ಟೆ ಬಿಗಿದು ಕೊಟ್ಟಳು. ‘ಅಲ್ಲಿ ಇದು ಸಿಗಲ್ಲ ಅಲ್ವಾ’ ಎಂದಳು.

ಹುನಗುಂದದ ಪೇಟೆಯಲ್ಲಿ ಈಗ ಅದು ಸಿಗುತ್ತದೆ. ‘ಇಲ್ಲಮ್ಮ, ಸಿಗಲ್ಲ’ ಎಂದು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ.