ಕುರ್ಚಿ ಹಾಕಿದವರ ಪ್ರಶ್ನೆ

ಮುಂಬೈಯ ಪವಾಯಿಯಲ್ಲಿರುವ ನಮ್ಮ ಆಫೀಸಿನಲ್ಲಿ ಲೈಂಗಿಕ ಕಿರುಕುಳ ತಡೆಯುವ ಬಗ್ಗೆ ವರ್ಷಕ್ಕೊಂದು ತರಬೇತಿ ನಡೆಯುತ್ತದೆ. ನನ್ನ ಡೈರಿಯ ಪ್ರಕಾರ, ಕಳೆದ ಮೂರು ವರ್ಷಗಳಲ್ಲಿ ಸಭಿಕರಿಂದ ಬಂದ ಪ್ರಶ್ನೆಗಳು: ಸೊನ್ನೆ. (‘ಚಹಾ ಎಷ್ಟೊತ್ತಿಗೆ?’ ಎಂಬುದನ್ನು ಲೆಕ್ಕಕ್ಕೆ ಹಿಡಿದಿಲ್ಲ.)

ಕಳೆದ ಮಂಗಳವಾರದ್ದು ನಾಲ್ಕನೆಯದು. ಹೌಸ್‌ಕೀಪಿಂಗಿನ ನಾಲ್ವರು ಹೆಂಗಸರು ಎಂದಿನಂತೆ ಕುರ್ಚಿ ಜೋಡಿಸಿ, ನೀರಿನ ಬಾಟಲಿ ಇಟ್ಟು ಹೊರಟರು. ನಾಲ್ವರೂ ವಿಜಯಪುರ ಕಡೆಯವರು, ಕುರ್ಲಾದ ಒಂದೇ ಚಾಳಿನವರು. ಪ್ರತಿ ವರ್ಷವೂ ಅವರು ಕುರ್ಚಿ ಹಾಕಿ ಹೊರಗೆ ಹೋಗುತ್ತಾರೆ. ಅದು ಯಾರಿಗಾದರೂ ವಿಚಿತ್ರ ಅನ್ನಿಸಿತ್ತೇ? ನಲವತ್ತರಲ್ಲಿ ಒಂಬತ್ತು ಕುರ್ಚಿ ಖಾಲಿ ಎಂದು ಬರೆದುಕೊಳ್ಳುತ್ತಿದ್ದ ನನಗಂತೂ ಇಲ್ಲ.

ಈ ಸಲ ತರಬೇತಿಗೆ ಬಂದಿದ್ದ ವಕೀಲೆ ತಡೆದರು. “ಇವರ್‍ಯಾಕೆ ಹೊರಟರು?”

“ಮೇಡಂ, ಅವರು ಕಾಂಟ್ರ್ಯಾಕ್ಟರ್ ಕಡೆಯವರು...” ಎಂದರು ಎಚ್‌ಆರ್.

“ಆದರೇನು? ಕಾನೂನು ಅವರಿಗೂ ಇದೆ. ಕೂರಿಸಿ.”

ಕೂತರು, ಕೊನೆಯ ಸಾಲಿನಲ್ಲಿ. ಹತ್ತು ನಿಮಿಷಕ್ಕೆ ಅವರಲ್ಲೊಬ್ಬರು, ಶಾಂತಕ್ಕ, ಕೈ ಎತ್ತಿದರು. (ಹೆಸರು ಬದಲಿಸಿದ್ದೇನೆ. ಇದನ್ನು ಬರೆ ಎಂದವರು ಅವರೇ.) ಕನ್ನಡ ಬರುವ ನನ್ನನ್ನು ಪಕ್ಕಕ್ಕೆ ಕರೆದರು.

“ಸೂಪರ್‌ವೈಜರ್ ದಿನಾ ಸ್ಟೋರ್ ರೂಮಿನ ಕೀಲಿ ಕೊಡುವಾಗ ಕೈ ಹಿಡಕೋತಾನ. ಜಗ್ಗಿದ್ರೂ ಬಿಡಂಗಿಲ್ಲ. ಯಾರ ಮುಂದ ಹೇಳಬೇಕವಾ? ಹೇಳಿ ಕೆಲಸ ಹೋದ್ರ?”

ನಾನು ಎದ್ದು ನಿಂತೆ. ಆಫೀಸಿನ ನಯವಾದ ಇಂಗ್ಲಿಷಿನಲ್ಲಿ, ಇವರಿಗೆ ಸೂಪರ್‌ವೈಸರ್ ಜೊತೆ ಸಣ್ಣದೊಂದು ‘ಪ್ರಾಬ್ಲೆಮ್’ ಇದೆ ಎಂದು ಶುರುಮಾಡಿದೆ. ಅಷ್ಟು ಇಂಗ್ಲಿಷ್ ಶಾಂತಕ್ಕನಿಗೂ ತಿಳಿಯುತ್ತದೆ. ನನ್ನ ತೋಳು ಹಿಡಿದರು.

“ಇದ್ದದ್ದು ಇದ್ದಂಗ ಹೇಳವಾ. ಸಣ್ಣದ ಮಾಡಬ್ಯಾಡ.”

ಹೇಳಿದೆ, ಇದ್ದದ್ದು ಇದ್ದ ಹಾಗೆ. ಮೊದಲ ಬಾರಿಗೆ ಆ ಹಾಲಿನಲ್ಲಿ ಯಾರೂ ಮೊಬೈಲ್ ನೋಡುತ್ತಿರಲಿಲ್ಲ.

ಅಂದೇ ಸಂಜೆ, ಇಂಥ ದೂರು ಕೇಳಲೆಂದೇ ಆಫೀಸಿನಲ್ಲಿರುವ ಸಮಿತಿಯ ಮುಂದೆ ಅವರು ಹೇಳುತ್ತಾ ಹೋದರು, ನಾನು ಕನ್ನಡದಲ್ಲೇ ಬರೆದುಕೊಂಡೆ. ಒಂದೂವರೆ ಪುಟ. ವಿಚಾರಣೆ ಮುಗಿಯುವವರೆಗೆ ಆ ಮನುಷ್ಯ ನಮ್ಮ ಬಿಲ್ಡಿಂಗಿಗೆ ಕಾಲಿಡುವಂತಿಲ್ಲ. ಶಾಂತಕ್ಕನ ಕೆಲಸಕ್ಕೆ ಧಕ್ಕೆ ಇಲ್ಲ ಎಂದು ಬರಹದಲ್ಲೇ ಕೊಟ್ಟಿದ್ದಾರೆ. ಕೀಲಿ ಈಗ ರಿಸೆಪ್ಷನ್ ಮೇಜಿನ ಮೇಲೆ, ಎಲ್ಲರ ಕಣ್ಣೆದುರು ಇರುತ್ತದೆ.

ಆ ವಕೀಲೆಗೆ ಥ್ಯಾಂಕ್ಸ್. ತಪ್ಪು ತಿಳಿದ ಕೂಡಲೇ ವಾದ ಮಾಡದೆ ತಿದ್ದಿಕೊಂಡ ಎಚ್‌ಆರ್‌ಗೂ. ಎಲ್ಲರಿಗಿಂತ ಹೆಚ್ಚಾಗಿ, ನನ್ನ ನಯವನ್ನು ಅಲ್ಲೇ ತಡೆದ ಶಾಂತಕ್ಕನಿಗೆ. ಮೂರು ವರ್ಷದ ತರಬೇತಿಯಲ್ಲಿ ಕಲಿಯದ್ದನ್ನು ನಾನು ಅವರ ಒಂದು ಮಾತಿನಲ್ಲಿ ಕಲಿತೆ.

ಗುರುವಾರ ಬೆಳಿಗ್ಗೆ ತಲೆ ಎತ್ತಿದರೆ, ಉಳಿದ ಮೂವರೂ ನನ್ನ ಟೇಬಲ್ಲಿನ ಮುಂದೆ ನಿಂತಿದ್ದರು.

“ನಮ್ದೂ ಬರಕೋತಿ ಏನವಾ?”