ಮೇಟ್ರನ್ನಮ್ಮನ ದನಿಯಲ್ಲಿ ಇಂಗ್ಲಿಷ್ ಪಾಠ

ತಪ್ಪು ನನ್ನದೇ. ಮೊದಲೇ ಹೇಳಿಬಿಟ್ಟರೆ ಓದುವವರಿಗೆ ಹುಡುಕುವ ಕೆಲಸ ತಪ್ಪುತ್ತದೆ. ಇಂಗ್ಲಿಷ್ ಬಾರದ ಒಂದಷ್ಟು ಹೆಂಗಸರಿಗೆ ಇಂಗ್ಲಿಷ್ ಕಲಿಸುತ್ತೇನೆಂದು ಹೊರಟವನು, ಅದರ ಜೊತೆಗೆ ಕಲಿಸಬಾರದ ಇನ್ನೊಂದನ್ನೂ ಕಲಿಸಿಬಿಟ್ಟೆ. ಅದನ್ನು ಎಷ್ಟು ಚೆನ್ನಾಗಿ ಕಲಿಸಿದೆನೆಂದರೆ, ದಯವಿಟ್ಟು ಮರೆತುಬಿಡಿ ಎಂದು ಬಸ್ಸಿನಲ್ಲಿ ಎಲ್ಲರೆದುರು ಕೈ ಮುಗಿಯಬೇಕಾಯಿತು.

ಆಗ ರಾಜಾಜಿನಗರ ಇನ್ನೂ ಪೂರ್ತಿ ಊರಾಗಿರಲಿಲ್ಲ. ಒಂದು ಬೀದಿಯಲ್ಲಿ ಮನೆ, ಮುಂದಿನ ಬೀದಿಯಲ್ಲಿ ಬರೀ ಕಲ್ಲು ನೆಟ್ಟ ಸೈಟು, ಅದರಾಚೆ ರಾಗಿ ಹೊಲ. ನಮ್ಮ ಬೀದಿಯ ಕೊನೆಯ ವಠಾರದಲ್ಲಿ ಸಿಂಧ್ ಕಡೆಯಿಂದ ಬಂದ ಮೂರು ಸಂಸಾರಗಳಿದ್ದವು. ದೇಶ ಒಡೆದಾಗ ಮನೆಗೆ ಬೀಗ ಹಾಕಿ, ಹಡಗು ಹತ್ತಿ ಮುಂಬಯಿಗೆ ಬಂದು, ಅಲ್ಲಿ ನೆಲೆ ಸಿಗದೆ ಇಲ್ಲಿಗೆ ಬಂದವರು. ಗಂಡಸರು ಬೆಳಗಾದರೆ ಬಟ್ಟೆ ಗಂಟು ಹೊತ್ತು ಪೇಟೆಗೆ ಹೋಗುತ್ತಿದ್ದರು. ಅವರಿಗೆ ಚೌಕಾಸಿ ಮಾಡುವಷ್ಟು ಕನ್ನಡ ಬಂದಿತ್ತು. ಹೆಂಗಸರಿಗೆ ಅದೂ ಇಲ್ಲ. ಬೀದಿ ನಲ್ಲಿಗೆ ಎಲ್ಲರ ಕೊಡ ತುಂಬಿದ ಮೇಲೆ ಬರುತ್ತಿದ್ದರು. ಸೊಪ್ಪಿನವಳ ಬುಟ್ಟಿಗೆ ಬೆರಳು ತೋರಿಸಿ, ಅವಳು ಕೊಟ್ಟಿದ್ದನ್ನು ತೆಗೆದುಕೊಂಡು ಒಳಗೆ ಹೋಗುತ್ತಿದ್ದರು. ನಮ್ಮ ಬೀದಿಯವರು ಅವರನ್ನು ಯಾವತ್ತೂ ಬೈದಿರಲಿಲ್ಲ, ಮಾತಾಡಿಸಿಯೂ ಇರಲಿಲ್ಲ.

ಪಕ್ಕದ ಮನೆಯ ಅಕ್ಕ ಮಿಡ್ಲ್ ಸ್ಕೂಲಿನಲ್ಲಿ ಟೀಚರು. ನನಗಿಂತ ಸ್ವಲ್ಪವೇ ದೊಡ್ಡವಳು. ಒಂದು ಸಂಜೆ ನಮ್ಮ ಜಗಲಿಗೆ ಬಂದು ನನ್ನನ್ನು ಹಿಡಿದಳು.

"ಎಲ್ಲಾರೂ ಶ್ರಮದಾನ ಅಂತ ಮಣ್ಣು ಹೊರ್ತಾರೆ. ನಿನ್ನ ಕೈಲಿ ಅದಂತೂ ಆಗಲ್ಲ. ಬಾಯಿ ಇದೆಯಲ್ಲ, ಅದನ್ನಾದ್ರೂ ದಾನ ಮಾಡು ಬಾ."

"ಯಾರಿಗೆ?"

"ವಠಾರದ ಸಿಂಧಿ ಹೆಂಗಸರಿಗೆ. ದಿನಾ ಸಂಜೆ ಇಂಗ್ಲಿಷ್ ಪಾಠ. ಸಂಬಳ ಇಲ್ಲ, ಕಾಫಿ ಇದೆ."

ಒಳಗಿದ್ದ ನಮ್ಮಮ್ಮ, "ಇವನ ಇಂಗ್ಲಿಷಿಗೆ ಕಾಫೀನೂ ಜಾಸ್ತೀನೇ ಕಣೇ," ಎಂದಳು. ಇಂಟರ್‌ಮೀಡಿಯಟ್ಟಿನಲ್ಲಿ ಇಂಗ್ಲಿಷಿಗೆ ಎರಡನೇ ಸಲ ಕಟ್ಟಿದ್ದವನು ನಾನು. ಕಾಫಿಗೇ ಒಪ್ಪಿಕೊಂಡೆ.

ಕನ್ನಡ ಬಿಟ್ಟು ಇಂಗ್ಲಿಷ್ ಯಾಕೆ ಎಂದರೆ, ಅದು ಆ ಹೆಂಗಸರಲ್ಲೊಬ್ಬರಾದ ಮಾಸಿಯ ತುರ್ತು. ಅವರನ್ನು ವಠಾರದ ಮಕ್ಕಳೆಲ್ಲ ಮಾಸಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಗಂಡ ಹಡಗಿನಿಂದ ಇಳಿದ ವರ್ಷವೇ ತೀರಿಕೊಂಡಿದ್ದರು. ಮೈದುನನ ಮನೆಯಲ್ಲಿ ಅಡುಗೆ ಮಾಡಿಕೊಂಡು, ಒಬ್ಬಳೇ ಮಗಳನ್ನು ಸಾಕುತ್ತಿದ್ದರು. ಆ ಮೈದುನ ಈಗ ವ್ಯಾಪಾರ ಕಟ್ಟಿಕೊಂಡು ಮುಂಬಯಿ ಕಡೆಗೆ ಹೊರಟಿದ್ದ. ಅತ್ತಿಗೆಯೂ ಬರಬೇಕು, ಅಡುಗೆಗೆ ಜನ ಬೇಕಲ್ಲ. ಮಗಳು ಓದಿದ್ದು ಸಾಕು ಎಂದೂ ಹೇಳಿದ್ದ. ಮಗಳು ಅಕ್ಕನ ಸ್ಕೂಲಿನಲ್ಲೇ ಓದುತ್ತಿದ್ದಳು. ಕನ್ನಡದಲ್ಲೇ ಓದಿ ಕ್ಲಾಸಿಗೆ ಮೊದಲಿಗಳಾಗುತ್ತಿದ್ದಳು.

ಪೇಟೆಯ ಒಂದು ಮಿಷನ್ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ, ದಿಂಬಿನ ಗೌಸು ಹೊಲಿಯಲು ಒಬ್ಬ ಹೆಂಗಸು ಬೇಕಾಗಿದ್ದಾಳೆಂದು ಅಕ್ಕ ವಿಚಾರಿಸಿಕೊಂಡು ಬಂದಿದ್ದಳು. ಕೆಲಸದ ಜೊತೆಗೆ ಹಿಂದುಗಡೆ ಇರಲು ಒಂದು ಕೋಣೆ. ಆದರೆ ಅಲ್ಲಿಯ ನರ್ಸುಗಳ ಯಜಮಾನಿ ಮೇಟ್ರನ್ನಮ್ಮ ಇಂಗ್ಲೆಂಡಿನವರು. ತಾವೇ ಕೂರಿಸಿಕೊಂಡು ಮಾತಾಡಿಸುತ್ತಾರೆ. ಇಂಗ್ಲಿಷಿನಲ್ಲಿ ಹೇಳಿದ್ದು ತಿಳಿದು, ಇಂಗ್ಲಿಷಿನಲ್ಲಿ ಜವಾಬು ಕೊಡುವವರನ್ನೇ ಇಟ್ಟುಕೊಳ್ಳುತ್ತಾರೆ. ಜವಾಬು ಕೊಟ್ಟರೆ ಮಾಸಿಗೆ ಕೋಣೆ, ಮಗಳಿಗೆ ಸ್ಕೂಲು. ಇಲ್ಲದಿದ್ದರೆ ಇಬ್ಬರಿಗೂ ರೈಲು.

ಪಾಠ ಅಕ್ಕನ ಮನೆಯ ನಡುಮನೆಯಲ್ಲಿ. ಮಾಸಿಗೆ ಜೊತೆಯಾಗಿ ವಠಾರದ ಇನ್ನು ನಾಲ್ಕು ಜನ ಬಂದರು. ಚಾಪೆಯ ಮೇಲೆ ಗೋಡೆಗೆ ಒತ್ತಿಕೊಂಡು, ದುಪಟ್ಟಾ ಬಾಯಿಗೆ ಅಡ್ಡ ಹಿಡಿದು ಕೂರುತ್ತಿದ್ದರು. ಅಕ್ಕ ಬೋರ್ಡು ತುಂಬ ಬರೆದಳು. ಅವರು ತಲೆ ಆಡಿಸಿದರು. ಬಾಯಿ ಮಾತ್ರ ಒಬ್ಬರೂ ಬಿಡಲಿಲ್ಲ. ದಿನಗಳು ಹೋಗುತ್ತಿದ್ದವು. ಮೈದುನ ಆಗಲೇ ಪಾತ್ರೆಗಳನ್ನು ಗೋಣಿಗೆ ತುಂಬಿಸುತ್ತಿದ್ದಾನೆಂದು ಮಾಸಿಯ ಮಗಳು ಬಂದು ಹೇಳಿದಳು.

"ನೀನು ಏನಾದ್ರೂ ಮಾಡೋ," ಎಂದಳು ಅಕ್ಕ. ಒಬ್ಬಳೇ ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು.

ನನ್ನ ಸ್ವಂತ ದನಿಯಲ್ಲಿ ಇಂಗ್ಲಿಷ್ ಬಾಯಿಯಿಂದ ಹೊರಗೆ ಬರುವುದೇ ಇಲ್ಲ. ಬೇರೆ ಯಾರದಾದರೂ ದನಿ ಹಾಕಿದರೆ ನಲ್ಲಿ ತಿರುಗಿಸಿದ ಹಾಗೆ ಬರುತ್ತದೆ. ಹಿಂದಿನ ವರ್ಷ ಗಂಟಲು ಆಪರೇಷನ್ನಿಗೆ ಅದೇ ಆಸ್ಪತ್ರೆಯಲ್ಲಿ ಮಲಗಿದ್ದೆ. ಮಾತಾಡಬಾರದು ಎಂದಿದ್ದರಿಂದ ಕಣ್ಣು ಬಿಟ್ಟು ನೋಡುವುದೊಂದೇ ಕೆಲಸ. ನೋಡಿದ್ದು ಮೇಟ್ರನ್ನಮ್ಮನನ್ನು. ಏನು ಹೇಳುವ ಮೊದಲೂ ಮೂಗಿನಿಂದ 'ಹ್ಞುಂ' ಎಂದು ಒಮ್ಮೆ ಉಸಿರೆಳೆಯುವರು. ಗಲ್ಲ ಮೇಲೆತ್ತುವರು. ಎದೆಗೆ ಪಿನ್ನು ಹಾಕಿ ತೂಗಿಬಿಟ್ಟ ಪುಟ್ಟ ಗಡಿಯಾರವನ್ನು ಬೆರಳಿನಿಂದ ಟಕಟಕ ಬಡಿಯುವರು. ಆಮೇಲೆ ಮಾತು: "ಯೆಸ್, ಯೆಸ್. ಡೋಂಟ್ ಸ್ಟ್ಯಾಂಡ್ ದೇರ್." ಕನ್ನಡವೆಂದರೆ ಆಯಾಗಳಿಂದ ಕಲಿತ ಬೈಗುಳದ ಕನ್ನಡ. ಬಾಯಿ ತೆಗಿ, ಸುಮ್ನಿರು, ಆಚೆ ಹೋಗು.

ಆ ಸಂಜೆ ನಾನು ಮೇಟ್ರನ್ನಮ್ಮನಾದೆ. ಅದು ಯಾರ ಅಣಕು ಎಂದು ಹೇಳಲಿಲ್ಲ. ಹೇಳಿದರೆ ಹೆದರಿಯಾರು ಎಂದುಕೊಂಡೆ. ಉಸಿರೆಳೆದು, ಗಲ್ಲ ಎತ್ತಿ, ಎದೆಯ ಮೇಲೆ ಟಕಟಕ ಬಡಿದು, "ಐ ಕ್ಯಾನ್ ಕಟ್. ಐ ಕ್ಯಾನ್ ಸ್ಟಿಚ್. ಐ ಕ್ಯಾನ್ ಮೆಂಡ್," ಎಂದೆ. ದುಪಟ್ಟಾಗಳ ಹಿಂದೆ ನಗು ಹುಟ್ಟಿತು. ಮಾಸಿ ದುಪಟ್ಟಾ ಕೆಳಗಿಳಿಸಿ, ಮೊದಲ ಸಲ ಬಾಯಿ ಬಿಟ್ಟು ಅದನ್ನೇ ಹೇಳಿದರು. ಅಕ್ಕನಿಗೆ ಕಣ್ಣು ತುಂಬಿ ಬಂತು. ಅಲ್ಲೇ ನಿಯಮ ಮಾಡಿಬಿಟ್ಟಳು, ಇವನು ಹೇಗೆ ಹೇಳ್ತಾನೋ ಎಲ್ಲಾರೂ ಹಾಗೇ ಹೇಳಬೇಕು. ನಾನು ಹಿಗ್ಗಿ ಹೀರೇಕಾಯಿಯಾದೆ. ಮುಂದಿನ ಸಂಜೆಗಳಲ್ಲಿ 'ಯೆಸ್, ಯೆಸ್', 'ಡೋಂಟ್ ಸ್ಟ್ಯಾಂಡ್ ದೇರ್', 'ಗಿವ್ ಮಿ ದಿ ಶೀಟ್' ಎಲ್ಲವನ್ನೂ ಅದೇ ದನಿಯಲ್ಲಿ ಕಲಿಸಿದೆ.

ಆಸ್ಪತ್ರೆಗೆ ಹೋಗುವ ಹಿಂದಿನ ಸಂಜೆ ಅಕ್ಕ ಪರೀಕ್ಷೆ ಇಟ್ಟಳು. ಅಕ್ಕ ಕುರ್ಚಿಯಲ್ಲಿ ಕೂತು ಕೇಳುವುದು, ಅವರು ಒಬ್ಬೊಬ್ಬರೇ ಎದ್ದು ಹೇಳುವುದು. ನನಗೆ ಕೆಲಸವಿಲ್ಲ, ಕಿಟಕಿಯಲ್ಲಿ ಕೂತಿದ್ದೆ. ನಮ್ಮಮ್ಮ ಕೋಡುಬಳೆ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಮಾಸಿ ಎದ್ದರು. 'ಹ್ಞುಂ' ಎಂದು ಉಸಿರೆಳೆದರು. ಗಲ್ಲ ಮೇಲೆದ್ದಿತು. ಬೆರಳು ಎದೆಯ ಮೇಲೆ ಟಕಟಕ.

ನಮ್ಮಮ್ಮ ತಟ್ಟೆ ಹಿಡಿದುಕೊಂಡೇ ನಿಂತಳು.

"ಇದು ಆ ಆಸ್ಪತ್ರೆ ಮೇಟ್ರನ್ನಮ್ಮ ಅಲ್ವೇನೋ?"

ಅಕ್ಕ ನನ್ನ ಕಡೆ ತಿರುಗಿದಳು. ಅವಳು ಆ ಹೆಂಗಸನ್ನು ಕಂಡೇ ಇರಲಿಲ್ಲ. ಇದೆಲ್ಲ ನನ್ನ ಕೋತಿಚೇಷ್ಟೆ ಎಂದುಕೊಂಡಿದ್ದಳು.

"ಹೌದೇನೋ?"

"ಸ್ವಲ್ಪ," ಎಂದೆ.

"ಸ್ವಲ್ಪ ಏನು ಬಂತು, ಅವಳೇ ಬಂದು ನಿಂತ ಹಾಗಿದೆ," ಎಂದಳು ಅಮ್ಮ. "ನಾಳೆ ಈಯಮ್ಮ ಹೋಗಿ ಅವಳ ಮುಂದೆ ಅವಳನ್ನೇ ಅಣಕಿಸಿದರೆ ಒಳಗೆ ಸೇರಿಸ್ತಾಳೇನೋ?"

ಬಿಟ್ಟುಬಿಡಿ, ಬರೀ ಮಾತು ಹೇಳಿ ಎಂದು ನನಗೆ ಗೊತ್ತಿದ್ದ ಹಿಂದಿಯಲ್ಲಿ ಮಾಸಿಗೆ ಹೇಳಿದೆ. ಅವರು ಅರ್ಥವಾಗದೆ ಎದೆ ಮುಟ್ಟಿ ತೋರಿಸಿದರು. ಇದು ಬೇಡವಾ? ಅವರು ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಕೈ ಮುಗಿದು ನಮಸ್ಕಾರ ಅಂತೀವಲ್ಲ ನಾವು, ಇಂಗ್ಲಿಷಿನಲ್ಲಿ ಮಾತಿಗೆ ಮೊದಲು ಹೀಗೆ ಎದೆ ಮುಟ್ಟೋದು ಮರ್ಯಾದೆ ಅಲ್ವಾ?" ಉಳಿದ ನಾಲ್ವರೂ ಅದನ್ನೇ ನಂಬಿದ್ದರು.

ಮರುದಿನ ಬಸ್ಸಿನಲ್ಲಿ ಮಾಸಿ, ಅಕ್ಕ, ನಾನು. ಮಾಸಿ ಇಸ್ತ್ರಿಯಾದ ಬಿಳಿ ಬಟ್ಟೆ ಉಟ್ಟಿದ್ದರು. ಕೈಚೀಲದಲ್ಲಿ ಸೂಜಿ, ದಾರ, ಕತ್ತರಿ. ದಾರಿಯುದ್ದಕ್ಕೂ ಆ ಅಭ್ಯಾಸ ಬಿಡಿಸುವ ಕೆಲಸ ನನ್ನದು. "ಐ ಕ್ಯಾನ್ ಮೆಂಡ್," ಅನ್ನಿ ಎಂದರೆ ಕೈ ಎದೆಗೆ ಹೋಗುತ್ತಿತ್ತು. ಕೈ ಹಿಡಿದುಕೊಂಡರೆ ಮಾತೇ ನಿಂತುಹೋಗುತ್ತಿತ್ತು. ನಾನು ಕೈ ಮುಗಿದೆ. ಹಿಂದಿನ ಸೀಟಿನವನು, "ಏನು ಗುರು, ಸಾಲ ಇಸ್ಕೊಂಡಿದೀಯಾ?" ಎಂದ. ಅಕ್ಕ ಕಿಟಕಿಯ ಕಡೆಯಿಂದ ಮುಖ ತಿರುಗಿಸಲೇ ಇಲ್ಲ. ಬೆಳಗ್ಗೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದಳು.

ಇಳಿಯುವಾಗ ಮಾಸಿಗೆ ಕೊನೆಯ ಸಲ ಹೇಳಿದೆ: "ಎರಡೂ ಕೈ ಹಿಂದಕ್ಕೆ ಕಟ್ಕೊಂಡಿರಿ." ಮಾಸಿ ನೆಲ ನೋಡಿಕೊಂಡು ತಲೆ ಆಡಿಸಿದರು.

ಮೇಟ್ರನ್ನಮ್ಮನ ಕೋಣೆಯ ಬಾಗಿಲು ತೆರೆದೇ ಇತ್ತು. ಅಕ್ಕ, ನಾನು ಹೊಸ್ತಿಲಲ್ಲಿ ನಿಂತೆವು. ಮೇಜಿನ ಮೇಲೆ ಹರಿದ ಹಾಸಿಗೆ ಬಟ್ಟೆಯೊಂದು ಬಿದ್ದಿತ್ತು. ಮೇಟ್ರನ್ನಮ್ಮ 'ಹ್ಞುಂ' ಎಂದು ಉಸಿರೆಳೆದು, ಗಲ್ಲ ಎತ್ತಿ, ಗಡಿಯಾರ ಬಡಿದು ಕೇಳಿದರು:

"ಯೆಸ್, ಯೆಸ್. ಕ್ಯಾನ್ ಯು ಮೆಂಡ್ ದಿಸ್?"

ಮಾಸಿ ಕಣ್ಣರಳಿಸಿ ಅವರನ್ನೇ ನೋಡಿದರು. ಮಾಸಿಯ ಮುಖದಲ್ಲಿ ಹೆದರಿಕೆ ಹೋಗಿ ನಿರಾಳ ಬಂದ ಹಾಗಿತ್ತು. ಇಂಗ್ಲಿಷಿನವರೇ ಹೀಗೆ ಮಾಡುತ್ತಿದ್ದಾರಲ್ಲ, ಸರಿಯಾಗಿಯೇ ಕಲಿತಿದ್ದೇನೆ ಎನ್ನುವ ಹಾಗೆ. ಆದರೆ ನನ್ನ ಮಾತಿಗೆ ಬೆಲೆ ಕೊಟ್ಟು ಕೈ ಹಿಂದಕ್ಕೇ ಕಟ್ಟಿಕೊಂಡಿದ್ದರು. ತುಟಿ ಅಲುಗಿತು, ದನಿ ಬರಲಿಲ್ಲ. ಮೇಟ್ರನ್ನಮ್ಮ ಇನ್ನೊಮ್ಮೆ ಕೇಳಿದರು, ನಿಧಾನವಾಗಿ. ಮಾಸಿಯ ಬೆನ್ನ ಹಿಂದೆ ಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದದ್ದು ನಮಗೆ ಕಾಣುತ್ತಿತ್ತು. ಮೇಟ್ರನ್ನಮ್ಮ ಹರಿದ ಬಟ್ಟೆಯನ್ನು ಮಡಿಸಲು ಎಳೆದುಕೊಂಡರು. ಮುಗಿಯಿತು ಎಂದರ್ಥ.

ಗೋಣಿಯಲ್ಲಿ ತುಂಬಿದ್ದ ಪಾತ್ರೆಗಳು ನನ್ನ ಕಣ್ಣ ಮುಂದೆ ಬಂದವು. ಬೇರೇನೂ ತೋಚಲಿಲ್ಲ. ಹೊಸ್ತಿಲಲ್ಲಿ ನಿಂತೇ ಜೋರಾಗಿ 'ಹ್ಞುಂ' ಎಂದೆ. ಎದೆ ಬಡಿದೆ, ಟಕಟಕ.

ಅಕ್ಕನ ಮನೆಯ ನಿಯಮ ಮಾಸಿಯ ರಕ್ತಕ್ಕೆ ಇಳಿದಿತ್ತು. ಕೈ ಬಿಚ್ಚಿತು. ಉಸಿರು, ಗಲ್ಲ, ಬೆರಳು. ಆಮೇಲೆ ಆ ದನಿ, ನಾನು ಹಾಕುವುದಕ್ಕಿಂತ ಚೆನ್ನಾಗಿ:

"ಯೆಸ್, ಯೆಸ್. ಐ ಕ್ಯಾನ್ ಮೆಂಡ್. ಡೋಂಟ್ ಸ್ಟ್ಯಾಂಡ್ ದೇರ್. ಗಿವ್ ಮಿ ದಿ ಶೀಟ್."

ಹೊರಗೆ ಟ್ರೇ ಹಿಡಿದು ಹೋಗುತ್ತಿದ್ದ ನರ್ಸಮ್ಮ ನಿಂತುಬಿಟ್ಟಳು. ಅಕ್ಕ ನನ್ನ ರಟ್ಟೆಗೆ ಉಗುರು ಒತ್ತಿದಳು. ಮೇಟ್ರನ್ನಮ್ಮನ ಬಿಳಿ ಮುಖ ಕುತ್ತಿಗೆಯಿಂದ ಮೇಲಕ್ಕೆ ಕೆಂಪಾಗುತ್ತಾ ಬಂತು. ಮಾಸಿ ಅದೊಂದನ್ನೂ ಗಮನಿಸಲಿಲ್ಲ. ಕೈ ಚಾಚಿಕೊಂಡೇ ನಿಂತಿದ್ದರು, ಬಟ್ಟೆ ಕೊಡಲಿ ಎಂದು.

ಮೇಟ್ರನ್ನಮ್ಮ ಕೊಟ್ಟರು.

ಮಾಸಿ ಸ್ಟೂಲು ಎಳೆದುಕೊಂಡು ಕೂತು, ದಾರ ಪೋಣಿಸಿ, ಹೊಲಿಯತೊಡಗಿದರು. ಹೊಲಿದಾದ ಮೇಲೆ ಮೇಟ್ರನ್ನಮ್ಮ ಆ ಜಾಗದ ಮೇಲೆ ಹೆಬ್ಬೆರಳು ಎಳೆದು ನೋಡಿ, "ಹೂ ಟಾಟ್ ಯು ಇಂಗ್ಲಿಷ್?" ಎಂದರು.

ಮಾಸಿ ಎದೆಯ ಮೇಲೆ ಟಕಟಕ ಬಡಿದು ಹೆಮ್ಮೆಯಿಂದ ನನ್ನ ಕಡೆ ಬೆರಳು ತೋರಿಸಿದರು.

"ಯು?" ಎಂದರು ಮೇಟ್ರನ್ನಮ್ಮ ನನಗೆ.

ನನ್ನ ದನಿಯಲ್ಲಿ ಹೇಳೋಣವೆಂದು ದೇವರಾಣೆಗೂ ಪ್ರಯತ್ನಪಟ್ಟೆ. ಬರಲಿಲ್ಲ. ನನಗೆ ಆ ಕ್ಷಣದಲ್ಲಿ ಬರುತ್ತಿದ್ದ ಇಂಗ್ಲಿಷ್ ಒಂದೇ. 'ಹ್ಞುಂ' ಎಂದು ಉಸಿರೆಳೆದು, "ಯೆಸ್, ಯೆಸ್," ಎಂದುಬಿಟ್ಟೆ. ಗಲ್ಲ ತಾನಾಗಿಯೇ ಮೇಲೆದ್ದಿತ್ತು.

ಹೊರಗಿದ್ದ ನರ್ಸಮ್ಮನ ಟ್ರೇ ಗಲಗಲ ಎಂದಿತು. ಅಕ್ಕ ಕಣ್ಣು ಮುಚ್ಚಿಕೊಂಡಳು.

ಮೇಟ್ರನ್ನಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಡ್ರಾಯರು ಎಳೆದು, ಬಟ್ಟೆ ಬೀರುವಿನ ಬೀಗದ ಕೈ ತೆಗೆದು ಮಾಸಿಯ ಅಂಗೈಯಲ್ಲಿ ಇಟ್ಟರು. ನನ್ನ ಕಡೆ ತಿರುಗಿ, ಗಡಿಯಾರ ಬಡಿದು, ಆಯಾಗಳ ಕನ್ನಡದಲ್ಲಿ ಹೇಳಿದರು:

"ಇಲ್ಲಿಗೆ ನನ್ನಂಥೋರು ಇಬ್ಬರು ಸಾಕು. ಮೂರನೇದು ಬೇಡ. ನೀನು ಆಚೆ ಹೋಗು."